ಇರು, ಅವನದು ಮುಗೀಲಿ

ನವೆಂಬರ್ ೧೧, ಭಾನುವಾರ

ಪ್ರೀತಿಯ ಮಗಳೇ,

ಮೊದಲಿಗೆ ಅಮ್ಮನ ಆಶೀರ್ವಾದ, ಅದರ ಹಿಂದೆಯೇ ಒಂದು ತಪ್ಪೊಪ್ಪಿಗೆ. ನಿನ್ನ ಕಾಗದ ಬಂದು ಏಳು ವಾರವಾಯಿತು. ಅದು ನನ್ನ ಕೈಚೀಲದಲ್ಲಿ ಶಾಲೆಗೂ ಮನೆಗೂ ಓಡಾಡಿ ಮಡಿಕೆಯಲ್ಲಿ ಹರಿಯುವ ಹಾಗಾಗಿದೆ. ಉತ್ತರ ಪತ್ರಿಕೆಗಳ ರಾಶಿ ಬಿದ್ದಿತ್ತು ಎನ್ನಬಹುದು, ಆದರೆ ನಿನ್ನ ಹತ್ತಿರ ನೆಪ ನಡೆಯುವುದಿಲ್ಲ. ಏನು ಬರೆಯಬೇಕೋ ತೋಚಲಿಲ್ಲ, ಅಷ್ಟೇ. ಹೊಟ್ಟೆಗೆ ಹಾಕಿಕೋ.

ವಾರ್ಡಿನ ಪೂರ್ತಿ ಜವಾಬ್ದಾರಿ ನಿನಗೇ ಕೊಡುತ್ತೇವೆ ಎಂದು ಆಸ್ಪತ್ರೆಯವರು ಕರೆದರು, ನೀನು ಬೇಡವೆಂದೆ. ಕಾರಣಕ್ಕೆ ಒಂದೇ ಸಾಲು: "ಅದು ದಿನವಿಡೀ ಕಂಪ್ಯೂಟರ್ ಮುಂದೆ ಕೂರೋ ಕೆಲಸ ಅಮ್ಮಾ, ನನಗೆ ಹೇಳಿದ್ದಲ್ಲ." ಹನ್ನೊಂದು ವರ್ಷ ದಾದಿಯ ಕೆಲಸ ಮಾಡಿದವಳು ನೀನು. ಸೂಜಿ ಚುಚ್ಚಿದ್ದು ಮಕ್ಕಳಿಗೆ ಗೊತ್ತೇ ಆಗದ ಹಾಗೆ ಚುಚ್ಚುವ ಕೈ ನಿನ್ನದು. ಅಂಥ ಕೈ ಒಂದು ಮೌಸ್ ಕಂಡು ಹಿಂಜರಿಯುತ್ತದೆಯಲ್ಲ ಎಂದು ನನಗೆ ನಗು ಬಂತು. ನಿನ್ನ ತಮ್ಮನಿಗೆ ಫೋನಿನಲ್ಲಿ ಹೇಳಿದೆ. "ಅಕ್ಕನ ಅರ್ಜಿ, ಟಿಕೆಟ್ಟು ಎಲ್ಲ ಈಗಲೂ ನಾನೇ ತುಂಬೋದು, ಬಿಡಮ್ಮ" ಎಂದು ಅವನೂ ನಕ್ಕ. ಫೋನಿನಲ್ಲಿ ಕಳಿಸಿದ ಸಂದೇಶ ಓದದೆ, ಕಾಗದದಲ್ಲೇ ಬರಿ ಎಂದು ಹಟ ಹಿಡಿಯುವ ಮಗಳು ಈ ಕಾಲದಲ್ಲಿ ನನಗೊಬ್ಬಳಿಗೇ ಇರಬೇಕು. ನಮ್ಮ ಸ್ಟಾಫ್ ರೂಮಿನಲ್ಲಿ ಇದೊಂದು ಮಾಮೂಲಿ ತಮಾಷೆ.

ಇರಲಿ. ಇವತ್ತು ಬರೆಯಲು ಕೂತದ್ದು ಬೇರೆ ಕಾರಣಕ್ಕೆ. ಮೂವತ್ತೆರಡು ವರ್ಷ ಪಾಠ ಮಾಡಿದ ಮೇಲೆ, ಇನ್ನೇನು ನಿವೃತ್ತಿಗೆ ಎರಡು ವರ್ಷ ಇರುವಾಗ, ಕಳೆದ ಗುರುವಾರ ನಾನು ಕಂಡದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ನಮ್ಮ ಶಾಲೆಯ ಕಂಪ್ಯೂಟರ್ ಕೋಣೆ ನಿನಗೆ ನೆನಪಿರಬೇಕು. ಊರಾಚೆ ಹೊಲಗಳಿಗೆ ಮುಖ ಮಾಡಿದ ಕಡೆಯ ಕೋಣೆ. ಹನ್ನೊಂದು ಯಂತ್ರಗಳು, ಎರಡು ಸತ್ತಿವೆ, ಒಂಬತ್ತು ಉಸಿರಾಡುತ್ತಿವೆ. ಹಳೆಯ ಪರದೆ ಹರಿದು ನಾನೇ ಹೊಲಿದ ಮುಸುಕುಗಳು, ಮೂಲೆಯಲ್ಲಿ ಗುಂಯ್ಗುಡುವ ಬ್ಯಾಟರಿ, ಬಾಗಿಲಾಚೆ ಚಪ್ಪಲಿಯ ಗುಡ್ಡೆ. ಹತ್ತನೇ ತರಗತಿಯಲ್ಲಿ ಇಪ್ಪತ್ತೇಳು ಮಕ್ಕಳು, ಒಂದು ಯಂತ್ರಕ್ಕೆ ಮೂವರು. ಗಣಿತದ ಟೀಚರ್ ಎಂಬ ತಪ್ಪಿಗೆ ಹತ್ತು ದಿನದ ತರಬೇತಿ ಕೊಟ್ಟು ಆ ಕೋಣೆಯನ್ನು ನನ್ನ ಕುತ್ತಿಗೆಗೆ ಕಟ್ಟಿದರಲ್ಲ, ಆಗ ಗಲಾಟೆ ತಡೆಯಲು ನಾನೊಂದು ಪದ್ಧತಿ ಮಾಡಿದೆ. ಮೂವರಲ್ಲಿ ಒಬ್ಬರು ಕೈ, ಒಬ್ಬರು ಓದು, ಒಬ್ಬರು ಬರಹ. ಕೈ ಎಂದರೆ ಯಂತ್ರ ಮುಟ್ಟುವವರು. ಓದು ಎಂದರೆ ಪುಸ್ತಕ ನೋಡಿ ಮುಂದೇನು ಮಾಡಬೇಕೆಂದು ಗಟ್ಟಿಯಾಗಿ ಹೇಳುವವರು. ಬರಹ ಎಂದರೆ ಮಾಡಿದ್ದನ್ನೆಲ್ಲ ರೆಕಾರ್ಡ್ ಪುಸ್ತಕದಲ್ಲಿ ಬರೆಯುವವರು. ವಾರಕ್ಕೊಮ್ಮೆ ಬದಲಾಗಬೇಕೆಂದು ನಾನೇ ಗೋಡೆಗೆ ಚೀಟಿ ಅಂಟಿಸಿದ್ದೆ.

ಆದರೆ ತಪಾಸಣೆಗೆ ಬಂದ ಸಾಹೇಬರು, "ಒಂದು ಪುಸ್ತಕದಲ್ಲಿ ಮೂರು ಥರದ ಅಕ್ಷರ ಯಾಕ್ರೀ?" ಎಂದು ಮುಖ ಗಂಟಿಕ್ಕಿದರು. ಹುಡುಗರದು ಕಾಗೆ ಕಾಲು ಗುಬ್ಬಿ ಕಾಲು. ಹುಡುಗಿಯರ ಅಕ್ಷರ ಮುತ್ತು ಪೋಣಿಸಿದ ಹಾಗೆ. ಬರಹ ಹುಡುಗಿಯರದೇ ಎಂದು ಖಾಯಂ ಆಯಿತು. ಬರಹ ಖಾಯಂ ಆದ ಮೇಲೆ ಕೈಯೂ ಖಾಯಂ ಆಯಿತು, ಅದನ್ನು ನಾನು ಗಮನಿಸಲೇ ಇಲ್ಲ. ಮಾರನೆಯ ವರ್ಷ ಅದೇ ಸಾಹೇಬರು ನಮ್ಮ ರೆಕಾರ್ಡ್ ಪುಸ್ತಕವೊಂದನ್ನು ಮಾದರಿಗೆಂದು ತೆಗೆದುಕೊಂಡು ಹೋದರು. ಆ ಜಂಬದಲ್ಲಿ ನಾನು ನಿನಗೆ ಎರಡು ಪುಟದ ಕಾಗದ ಬರೆದಿದ್ದೆ.

ಈಗ ಗುರುವಾರದ ಕಥೆ ಕೇಳು. ಹತ್ತನೆಯ ಹುಡುಗರೆಲ್ಲ ಪಕ್ಕದ ಊರಿನ ಶಾಲೆಯ ಮೇಲೆ ಫುಟ್‌ಬಾಲ್ ಆಡಲು ಹೋಗಿದ್ದರು, ಆಡುವವರು ಹನ್ನೊಂದು, ಕೂಗುವವರು ಮಿಕ್ಕವರು. ತರಗತಿಯಲ್ಲಿ ಹುಡುಗಿಯರಷ್ಟೇ. ಹೆಡ್‌ಮಾಸ್ಟರು ಓಡೋಡಿ ಬಂದರು. ಇಡೀ ಶಾಲೆಯ ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿ ಮೂರು ಗಂಟೆಯೊಳಗೆ ಮೇಲಿನ ಕಚೇರಿಗೆ ಹೋಗಬೇಕು, ಫೈಲ್ ತೆರೆದರೆ ಒಟ್ಟು ಅಂಕಗಳಿರುವ ಜಾಗದಲ್ಲಿ ಒಂದೂ ಅಂಕಿ ಇಲ್ಲ! ಉದ್ದಕ್ಕೂ ಅಡ್ಡಗೆರೆ ಉದ್ದಗೆರೆ, ####, ಮೇಲಿಂದ ಕೆಳಗಿನವರೆಗೂ. ಇಂಥದ್ದನ್ನೆಲ್ಲ ನೋಡಿಕೊಳ್ಳುವವನು ನಮ್ಮ 'ಇಂಜಿನಿಯರ್'. ಇಂಜಿನಿಯರ್ ಎಂದರೆ ಹತ್ತನೆಯ ತರಗತಿಯ ಹುಡುಗ, ಮನೆಯಲ್ಲಿ ಸ್ವಂತ ಫೋನಿದೆ, ಅಂಗೈ ಅಗಲದ ಆ ಪರದೆಯ ಮೇಲೆ ಲೋಕವನ್ನೇ ಕುಣಿಸುತ್ತಾನೆ. ಅವನು ಮೈದಾನದಲ್ಲಿ ಗೋಲು ಕಾಯುತ್ತಿದ್ದ.

"ಹೋಯ್ತು, ಇನ್ನೂರು ಮಕ್ಕಳ ಅಂಕ ಹೋಯ್ತು" ಎಂದು ಹೆಡ್‌ಮಾಸ್ಟರು ಕುರ್ಚಿಯಲ್ಲಿ ಕುಸಿದರು.

ಆಗ ಕಿಟಕಿ ಪಕ್ಕದಿಂದ ಸಣ್ಣ ದನಿ: "ಅದು ಬೇಲಿ ಟೀಚರ್. ಹೋದ ವರ್ಷಾನೂ ಬಂದಿತ್ತು."

ಇಂಜಿನಿಯರನ ಯಂತ್ರದ ಬರಹದ ಹುಡುಗಿ. ಮೂರು ವರ್ಷ ಅವನ ಬಲಗಡೆ ಕೂತು ಬರೆದಿದ್ದಾಳೆ. ಹುಡುಗರು ಅವಳನ್ನು 'ರೆಕಾರ್ಡು' ಎಂದೇ ಕರೆಯುತ್ತಾರೆ, ಅವಳೂ ಓ ಎನ್ನುತ್ತಾಳೆ. ಅವಳ ಅಪ್ಪ ಗಾರೆ ಕೆಲಸದವನು, ಮನೆಯಲ್ಲಿ ಇರುವ ಒಂದೇ ಫೋನು ಅಣ್ಣನ ಜೇಬಿನಲ್ಲಿ. ಅದನ್ನು ಚಾರ್ಜಿಗೆ ಹಾಕಿದಾಗ ಪಕ್ಕದಲ್ಲಿ ಕೂತು ಕಾಯುವುದು ಇವಳ ಪಾಲಿನ ಕೆಲಸ, ಮುಟ್ಟುವಂತಿಲ್ಲ. ಅವಳು ಪುಸ್ತಕ ತೆಗೆದು ಹಾಳೆ ತಿರುವಿ ಓದಿದಳು, ಒಂಬತ್ತನೇ ತರಗತಿ, ಸೆಪ್ಟೆಂಬರ್, ಆರನೇ ಪೀರಿಯಡ್: "ಅಂಕಗಳ ಜಾಗದಲ್ಲಿ ಬೇಲಿ ಬಂತು. ಅವನು ಐದು ಕೆಲಸ ಮಾಡಿದ. ನಾಲ್ಕರಿಂದ ಏನೂ ಆಗಲಿಲ್ಲ. ಐದನೆಯದು, ಕಂಬಸಾಲಿನ, ಅಂದರೆ ಕಾಲಮ್ಮಿನ, ಮೇಲ್ತುದಿಯ ಗೆರೆಯ ಮೇಲೆ ಬಾಣ ಇಟ್ಟು ಎರಡು ಸಲ ಒತ್ತಿದ. ಜಾಗ ಅಗಲವಾಯಿತು. ಅಂಕಗಳು ಒಳಗೇ ಇದ್ದವು, ಜಾಗ ಸಾಲದೆ ಕಾಣುತ್ತಿರಲಿಲ್ಲ."

ಕೇಳಿದೆಯಾ, ಮಗಳೇ? ಯಾವ ತರಬೇತಿಯಲ್ಲೂ ಇಷ್ಟು ಸ್ಪಷ್ಟವಾಗಿ ಯಾರೂ ನನಗೆ ಹೇಳಿರಲಿಲ್ಲ. "ಬಾ, ಮಾಡು" ಎಂದೆ.

"ನಾನಾ ಟೀಚರ್?" ಎಂದಳು. "ನನ್ದು ಬರಹ."

ಕೂರಿಸಿದೆ. ಮೌಸನ್ನು ಕಾದ ಪಾತ್ರೆ ಮುಟ್ಟುವ ಹಾಗೆ ಮುಟ್ಟಿದಳು. ಬಾಣವನ್ನು ಗೆರೆಯ ಮೇಲೆ ತಂದಳು. ಒಮ್ಮೆ ಒತ್ತಿದಳು. ಕಾದಳು. ಉಸಿರು ಎಳೆದುಕೊಂಡು ಇನ್ನೊಮ್ಮೆ ಒತ್ತಿದಳು. ಬೇಲಿ ಕದಲಲಿಲ್ಲ. ನನ್ನ ಮುಖ ನೋಡಿದಳು. "ಎರಡು ಸಲಾನೇ ಒತ್ತಿದೆ ಟೀಚರ್. ಎರಡು ಸಲ ಅಂತಾನೇ ಬರ್ದಿದೀನಿ."

ಹೆಡ್‌ಮಾಸ್ಟರು ನಕ್ಕರು. ನಾನೂ ನಗಲು ಬಾಯಿ ತೆರೆದೆ, ಅಷ್ಟರಲ್ಲಿ ಹೊಳೆಯಿತು. ಮೂರು ವರ್ಷದಲ್ಲಿ 'ಎರಡು ಸಲ ಒತ್ತುವುದು' ಎಂದು ನೂರು ಸಲ ಬರೆದವಳು ಒಂದು ಸಲವೂ ಒತ್ತಿಲ್ಲ. ಆ ಎರಡು ಒತ್ತುಗಳ ನಡುವೆ ಬಿಡುವು ಇರಬಾರದು ಎಂಬುದು ಬರೆಯುವುದರಿಂದ ಗೊತ್ತಾಗುವಂಥದ್ದಲ್ಲ. ಬೆರಳಿಗೆ ಮಾತ್ರ ಗೊತ್ತಾಗುವಂಥದ್ದು.

"ಬಾಗಿಲು ಬಡೀತೀವಲ್ಲ, ಟಕ್ ಟಕ್ ಅಂತ, ಹಾಗೆ" ಎಂದೆ. ಟಕ್ ಟಕ್. ಬೇಲಿ ಹೋಯಿತು. ಇನ್ನೂರು ಮಕ್ಕಳ ಅಂಕಗಳು ಒಮ್ಮೆಗೇ ಎದ್ದು ನಿಂತವು.

ಅಷ್ಟಕ್ಕೇ ನಾನು ಬೆರಗಾಗಿದ್ದರೆ ಸರಿ. ಪಟ್ಟಿಯ ಜೊತೆ ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಪತ್ರ ಹೋಗಬೇಕಿತ್ತು. ನಾನು ಹೇಳಿದೆ, ಅವಳು ಒತ್ತಿದಳು. ಕೀಬೋರ್ಡಿನ ಕಡೆ ಒಮ್ಮೆಯೂ ನೋಡಲಿಲ್ಲ! ಕಣ್ಣು ಪರದೆಯ ಮೇಲೆ, ಬೆರಳುಗಳು ತಮ್ಮ ಪಾಡಿಗೆ ತಾವು ಅಕ್ಷರ ಹುಡುಕಿಕೊಂಡು ಹೋಗುತ್ತಿದ್ದವು. ಒತ್ತುವುದು ಮಾತ್ರ ಮುದ್ರೆ ಹಾಕಿದಷ್ಟು ಬಲವಾಗಿ, ಮೇಜೇ ಅಲುಗುತ್ತಿತ್ತು. ನಾನು ಈಗಲೂ ಎರಡು ಬೆರಳಲ್ಲಿ ಕಾಳು ಆರಿಸಿದ ಹಾಗೆ ಒತ್ತುವವಳು. ಎಲ್ಲಿ ಕಲಿತೆ ಎಂದರೆ, "ಸುಮ್ನೆ, ನೋಡಿ ನೋಡಿ" ಎಂದು ತಲೆ ತಗ್ಗಿಸಿದಳು. ಹೊರಗೆ ಹೋಗುವಾಗ ಕೇಳಿದೆ, "ಯಂತ್ರ ಮುಟ್ಬೇಕು ಅಂತ ನೀನು ಯಾವತ್ತೂ ಕೇಳ್ಲೇ ಇಲ್ವಲ್ಲ?"

"ಎಂಟನೇ ಕ್ಲಾಸಲ್ಲಿ ಕೇಳ್ತಿದ್ದೆ ಟೀಚರ್. ಇರು, ಅವನದು ಮುಗೀಲಿ ಅಂತಿದ್ರಿ. ಅಷ್ಟರಲ್ಲಿ ಗಂಟೆ ಹೊಡೀತಿತ್ತು."

ದೂರಿನ ದನಿಯಲ್ಲ, ಸುಮ್ಮನೆ ನಡೆದದ್ದನ್ನು ಹೇಳುವ ದನಿ. ರೆಕಾರ್ಡು ತಾನೆ.

ಈಗ ವಿಷಯಕ್ಕೆ ಬರುತ್ತೇನೆ. ಪಟ್ಟಣದಲ್ಲಿ ಎರಡು ವರ್ಷದ ತಾಂತ್ರಿಕ ಕೋರ್ಸಿದೆ, ಊಟ ವಸತಿ ಎಲ್ಲ ಅಲ್ಲೇ, ಇಡೀ ಸುತ್ತಮುತ್ತಲಿಗೆ ಇಪ್ಪತ್ತೇ ಸೀಟು. ಪ್ರತಿ ಶಾಲೆಯಿಂದ ಇಬ್ಬರ ಹೆಸರು ಕಳಿಸಬೇಕು, ಯಂತ್ರದ ಮೇಲೇ ಪರೀಕ್ಷೆ. ಆರು ವರ್ಷದಿಂದ ನಾನು ಕಳಿಸಿದ್ದು ಹನ್ನೆರಡು ಹುಡುಗರ ಹೆಸರು. ಈ ಹುಡುಗಿಗೆ ಏಪ್ರಿಲ್ ಕಳೆದರೆ ಬಟ್ಟೆ ಕಾರ್ಖಾನೆಯ ಬಸ್ಸು ಎಂದು ಅವಳ ಸೋದರತ್ತೆ ಆಗಲೇ ಮಾತಾಡಿಟ್ಟಿದ್ದಾಳಂತೆ. ಹೆಸರು ಕೊಡಲು ಶುಕ್ರವಾರ ಕಡೆಯ ದಿನ. ನಾನು ಒಂದನೆಯ ಸಾಲಿನಲ್ಲಿ ಇಂಜಿನಿಯರನ ಹೆಸರು ಬರೆದು, ಎರಡನೆಯ ಸಾಲು ಖಾಲಿ ಬಿಟ್ಟುಕೊಂಡು ಕೂತಿದ್ದೇನೆ.

ನಿನ್ನ ಅಪ್ಪ ಮಂಡಿನೋವಿಗೆ ಎಣ್ಣೆ ಹಚ್ಚಿಕೊಂಡು, ದಾದಿ ಮಗಳನ್ನು ಹೆತ್ತೂ ಇದೇ ಗತಿ ಎಂದು ಗೊಣಗುತ್ತಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ

*

ನವೆಂಬರ್ ೨೮, ಬುಧವಾರ

ಮಗಳೇ,

ಈ ಸಲ ತಡ ಮಾಡಿಲ್ಲ ನೋಡು. ನೀನು ಬರೆದದ್ದು ನಾಲ್ಕೇ ಸಾಲು, ಅದರಲ್ಲಿ ಮೂರು ಅಪ್ಪನ ಮಂಡಿಗೆ. ನಾಲ್ಕನೆಯದು: "ಆ ಹುಡುಗಿಯ ಪುಸ್ತಕದ ಕೊನೆಯ ಹಾಳೆ ನೋಡಿದೆಯಾ ಅಮ್ಮಾ?" ಇದೇನು ಒಗಟು ಎಂದುಕೊಂಡೆ. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ಊರ ಸುದ್ದಿ.

ಎರಡನೆಯ ಸಾಲಿನಲ್ಲಿ ಅವಳ ಹೆಸರನ್ನೇ ಬರೆದೆ. ಹೆಡ್‌ಮಾಸ್ಟರು ಹಾಳೆಯನ್ನು ಕನ್ನಡಕದ ಮೇಲಿಂದ ಒಮ್ಮೆ, ಕೆಳಗಿಂದ ಒಮ್ಮೆ ನೋಡಿದರು. "ಒಳ್ಳೆ ಹುಡುಗಿ, ನಾನೇನು ಇಲ್ಲ ಅನ್ನಲ್ಲ. ಆದ್ರೆ ಅಲ್ಲಿ ಕೈ ಓಡ್ಬೇಕಲ್ಲ ಟೀಚರಮ್ಮಾ? ಅವಳು ಮೊನ್ನೆ ತಾನೆ ಮೌಸ್ ಹಿಡಿದವಳು. ಬಿದ್ರೆ ಮುಂದಿನ ವರ್ಷ ನಮ್ಮ ಶಾಲೆ ಅಂದ್ರೆ ಮೂಸಿಯೂ ನೋಡಲ್ಲ ಅವರು." ಕೆಟ್ಟ ಮನುಷ್ಯರಲ್ಲ, ಹೆದರಿಕೆ ಅಷ್ಟೇ. "ಅವಳ ಕೈ ಓಡದಿದ್ರೆ ಅದು ಕಟ್ಟಿಹಾಕಿದವರ ತಪ್ಪು ಸಾರ್. ಕಟ್ಟಿದವಳು ನಾನು. ಬಿದ್ರೆ ನನ್ನ ಹೆಸರಿಗೆ ಬರ್ಕೊಳ್ಳಿ" ಎಂದೆ. ಸಹಿ ಹಾಕಿದರು, ಪೆನ್ನು ಮಾತ್ರ ಮೇಜಿನ ಮೇಲೆ ಕುಕ್ಕಿದರು.

ಗೋಡೆಯ ಹಳೆಯ ಚೀಟಿಯ ಮೇಲೆ ಹೊಸ ಚೀಟಿ ಅಂಟಿಸಿದೆ. ಈಗ ಹುಡುಗರು ಬರಹ, ಹುಡುಗಿಯರು ಕೈ. ಮೊದಲ ದಿನ ಮಾರುಕಟ್ಟೆಯೇ. ಹುಡುಗರ ಕೈ ತಾವಾಗಿಯೇ ಮೌಸಿನ ಕಡೆ ಚಾಚುತ್ತದೆ, "ಅಯ್ಯೋ ಅಲ್ಲಲ್ಲ, ಇಲ್ಲಿ ಒತ್ತು, ಕೊಡಿಲ್ಲಿ" ಎನ್ನುತ್ತಾರೆ. ಹುಡುಗಿಯರೂ ಕೊಟ್ಟೇಬಿಡುತ್ತಾರೆ! ಬೈದರೆ, "ಪಾಪ ಟೀಚರ್, ಅವನಿಗೆ ಬೇಗ ಆಗುತ್ತೆ" ಎಂಬ ಉತ್ತರ. ಕಡೆಗೆ ಹುಡುಗರ ಎರಡೂ ಕೈ ಮೇಜಿನ ಮೇಲೆ ಕಾಣುವ ಹಾಗೆ ಇರಬೇಕು, ಒಂದರಲ್ಲಿ ಪೆನ್ನು ಇರಬೇಕು ಎಂದು ಕಾನೂನು ಮಾಡಿದೆ. ಅವರ ರೆಕಾರ್ಡ್ ಓದಬೇಕು ನೀನು. ಒಬ್ಬ ಮಹಾಶಯ ಇಡೀ ಪೀರಿಯಡ್ಡಿಗೆ ಬರೆದದ್ದು ಇಷ್ಟು: "ಅವಳು ಏನೋ ಮಾಡಿದಳು. ಆಯಿತು."

ಇಂಜಿನಿಯರ್ ಮೊದಲ ವಾರ ಮುಖ ಊದಿಸಿಕೊಂಡಿದ್ದ. ಆಮೇಲೊಂದು ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತ. "ಟೀಚರ್, ಪರೀಕ್ಷೆಯಲ್ಲಿ ಬರವಣಿಗೇನೂ ಇದೆಯಂತೆ. ಯಾವುದು ಯಾಕೆ ಮಾಡ್ತೀವಿ ಅಂತ ಬರೀಬೇಕಂತೆ. ನಂಗೆ ಮಾಡಕ್ಕೆ ಬರುತ್ತೆ, ಯಾಕೆ ಅಂತ ಗೊತ್ತಿಲ್ಲ. ಅದೆಲ್ಲ ಅವಳ ಪುಸ್ತಕದಲ್ಲಿದೆ." ಅವನ ಮುಖ ನೋಡಿ ನನಗೆ ಅಯ್ಯೋ ಎನಿಸಿತು. ಅವನಿಗೂ ನಾನು ಅರ್ಧವನ್ನೇ ಕೊಟ್ಟಿದ್ದೆ. ಈಗ ಊಟದ ಬಿಡುವಿನಲ್ಲಿ ಇಬ್ಬರೂ ಒಂದೇ ಯಂತ್ರದ ಮುಂದೆ ಕೂರುತ್ತಾರೆ. ಅವನು ಬೆರಳಿನ ವೇಗ ಹೇಳಿಕೊಡುತ್ತಾನೆ, ಇವಳು ಕಾರಣ ಹೇಳಿಕೊಡುತ್ತಾಳೆ, ಇಬ್ಬರೂ ಬೆಕ್ಕು ನಾಯಿಯ ಹಾಗೆ ಕಿತ್ತಾಡುತ್ತಾರೆ. ಆ ಜಗಳ ಕೇಳುತ್ತಾ ಕೂರುವುದು ನನಗೆ ಸಂಗೀತ ಕಚೇರಿ.

ಅವಳು ಅವನಿಗೆ ಪುಸ್ತಕ ಕೊಡುವಾಗ ಕೊನೆಯ ಹಾಳೆಗಳನ್ನು ಪಿನ್ನು ಹಾಕಿ ಮುಚ್ಚಿದ್ದಳು. ನಿನ್ನ ಒಗಟು ನೆನಪಿಗೆ ಬಂತು. ಅವಳನ್ನು ಪಕ್ಕಕ್ಕೆ ಕರೆದು, ಬೈಯುವುದಿಲ್ಲವೆಂದು ಮಾತು ಕೊಟ್ಟು ಪಿನ್ನು ತೆಗೆಸಿದೆ.

ಕೊನೆಯ ಎರಡು ಹಾಳೆಯ ಉದ್ದಕ್ಕೂ ಒಂದು ಕೀಬೋರ್ಡು, ಮಗಳೇ. ಸ್ಕೇಲಿಟ್ಟು ಪೆನ್ಸಿಲಿನಲ್ಲಿ ಬರೆದದ್ದು, ನಿಜವಾದದ್ದರ ಅಳತೆಯಲ್ಲೇ. ಬಿಡುವಿನಲ್ಲಿ ಯಾರೂ ಇಲ್ಲದಾಗ ಗೇಣು ಹಾಕಿ ಅಳೆದುಕೊಂಡಳಂತೆ. ಮೂರು ವರ್ಷ ಅದರ ಮೇಲೆ ಬೆರಳಾಡಿಸಿದ್ದಾಳೆ. ಫೋನು ಚಾರ್ಜಿಗೆ ಹಾಕಿ ಕಾಯುವ ಹೊತ್ತಿನಲ್ಲಿ, ಅಮ್ಮ ಒಲೆಯ ಮುಂದೆ ಇರುವ ಹೊತ್ತಿನಲ್ಲಿ, ಪಾಠದ ಸಾಲು ಸಾಲುಗಳನ್ನು ಹಾಗೆ ಒತ್ತಿದ್ದಾಳೆ. ಅಕ್ಷರಗಳೆಲ್ಲ ಅಳಿಸಿಹೋಗಿ ಮನೆಗಳು ಬೂದು ಬಣ್ಣಕ್ಕೆ ತಿರುಗಿವೆ. ಪದಗಳ ನಡುವೆ ಜಾಗ ಬಿಡುವ ಉದ್ದ ಪಟ್ಟಿಯ ಹತ್ತಿರ ಕಾಗದವೇ ತೂತಾಗಿತ್ತು, ಹಿಂದಿನಿಂದ ಬೇರೆ ಕಾಗದ ಅಂಟಿಸಿ ತೇಪೆ ಹಾಕಿದ್ದಳು.

ಇಷ್ಟು ದೊಡ್ಡದು ಏನೋ ನನ್ನ ಕಣ್ಣೆದುರೇ, ನನ್ನ ತರಗತಿಯಲ್ಲೇ, ನನ್ನ ಕೆಂಪು ಶಾಯಿಯ 'ಉತ್ತಮ' ಬಿದ್ದ ಪುಸ್ತಕದೊಳಗೇ ನಡೆದಿದೆ. ಕೈ ಮುಗಿಯಬೇಕೆನಿಸಿತು, ಅವಳು ಹೆದರಿಯಾಳೆಂದು ಬಿಟ್ಟೆ. "ತಪ್ಪಾಯ್ತು ಟೀಚರ್, ರೆಕಾರ್ಡ್ ಪುಸ್ತಕದಲ್ಲಿ ಗೀಚಬಾರದಿತ್ತು" ಎಂದು ಅವಳೇ ಅನ್ನುತ್ತಿದ್ದಳು.

ನಿನಗೆ ಹೇಗೆ ಗೊತ್ತಾಯಿತು? ದಾದಿಯರಿಗೆ ಮುಚ್ಚಿದ ಪುಸ್ತಕದ ಒಳಗೂ ಕಾಣಿಸುತ್ತದೆಯೇನು? ಮುಂದಿನ ಕಾಗದದಲ್ಲಿ ಬರಿ. ಪರೀಕ್ಷೆ ಡಿಸೆಂಬರ್ ಹದಿನೈದಕ್ಕೆ. ಅವಳ ಅಮ್ಮ ನಿನ್ನೆ ಶಾಲೆಗೆ ಬಂದು, "ಆಗ್ಲಿಲ್ಲ ಅಂದ್ರೆ ಮಗು ಮನಸ್ಸು ಮುರಿಯುತ್ತೆ ಟೀಚರಮ್ಮಾ, ಆಸೆ ಹುಟ್ಟಿಸ್ಬೇಡಿ" ಎಂದು ಹೇಳಿ ಹೋದಳು. ಆಸೆ ನಾನು ಹುಟ್ಟಿಸಿದ್ದಲ್ಲ ಎಂಬ ಮಾತು ಬಾಯಿತುದಿಗೆ ಬಂತು, ಅವಳನ್ನು ಗೇಟಿನವರೆಗೆ ಬಿಟ್ಟು ಬಂದೆ.

ನಿನ್ನ ಅಮ್ಮ

*

ಡಿಸೆಂಬರ್ ೨೩, ಭಾನುವಾರ

ನನ್ನ ಪುಟ್ಟೀ,

ನಿನ್ನಿಂದ ಕಾಗದವಿಲ್ಲ. ಸರಿ, ಏಳು ವಾರ ಸುಮ್ಮನಿದ್ದವಳಿಗೆ ಕೇಳುವ ಹಕ್ಕಿಲ್ಲ. ನಾನೂ ಪರೀಕ್ಷೆ ಮುಗಿದ ಕೂಡಲೇ ಬರೆಯಬೇಕಿತ್ತು. ಮೊನ್ನೆ ಫಲಿತಾಂಶ ಬರುವವರೆಗೆ ಕಾದೆ, ಬಂದ ಮೇಲೂ ಎರಡು ದಿನ ಪೆನ್ನು ಹಿಡಿಯಲು ಆಗಲಿಲ್ಲ.

ಹದಿನೈದರ ಬೆಳಿಗ್ಗೆ ಇಬ್ಬರನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಇಂಜಿನಿಯರ್ ದಾರಿಯುದ್ದಕ್ಕೂ ಮಾತಾಡಿದ, ಇವಳು ದಾರಿಯುದ್ದಕ್ಕೂ ತೊಡೆಯ ಮೇಲೆ ಬೆರಳಾಡಿಸಿದಳು. ಅಲ್ಲಿ ಉದ್ದನೆಯ ಹಾಲು, ಸಾಲಾಗಿ ಅರವತ್ತು ಯಂತ್ರ, ಎಣಿಸಿದೆ. ಟೀಚರುಗಳೆಲ್ಲ ಹೊರಗೆ ಪಡಸಾಲೆಯಲ್ಲಿ. ಬಾಗಿಲಿಗೆ ಗಾಜಿತ್ತು, ನಾನು ಹಣೆ ಅಂಟಿಸಿ ನಿಂತೆ. ಅರವತ್ತರಲ್ಲಿ ಹುಡುಗಿಯರು ಒಂಬತ್ತು.

ಮೊದಲರ್ಧ ನೋಡಲಾಗಲಿಲ್ಲ. ಮೌಸಿನ ಕೆಲಸ. ಇಂಜಿನಿಯರ್ ಹಾರಿ ಹಾರಿ ಮುಗಿಸಿದ. ಇವಳು ಪ್ರತಿಯೊಂದನ್ನೂ ಯೋಚಿಸಿ, ಬಾಣವನ್ನು ಗುರಿ ದಾಟಿಸಿ, ಹಿಂದಕ್ಕೆ ತಂದು, ಟಕ್ ಟಕ್ ಎಂದು ತುಟಿಯಲ್ಲೇ ಹೇಳಿಕೊಂಡು ಒತ್ತುತ್ತಿದ್ದಳು. ಪಕ್ಕದವರು ಹಾಳೆ ತಿರುವಿ ಮುಂದೆ ಹೋದರೂ ಇವಳು ಅಲ್ಲೇ. ಕಾರ್ಖಾನೆಯ ಬಸ್ಸು ನನ್ನ ಕಣ್ಣ ಮುಂದೆ ಬಂದು ನಿಂತಿತು.

ಆಮೇಲೆ ಕೀಬೋರ್ಡಿನಲ್ಲಿ ಒಂದು ಪುಟ ಒತ್ತುವ ಭಾಗ. ಯಂತ್ರಗಳು ಹಳೆಯವು, ಅವಳ ಸಾಲಿನ ಐದಾರು ಕೀಬೋರ್ಡುಗಳಲ್ಲಿ ಅಕ್ಷರಗಳೇ ಸವೆದು ಹೋಗಿದ್ದವು. ಒಬ್ಬೊಬ್ಬರಾಗಿ ಕೈ ಎತ್ತಿದರು. ಮೇಲ್ವಿಚಾರಕರು ಬೇರೆ ಕೀಬೋರ್ಡು ಹೊತ್ತು ಓಡಾಡಿದರು. ಅವಳ ಹತ್ತಿರವೂ ಬಂದು ಬಗ್ಗಿ ಏನೋ ಕೇಳಿದರು. ಅವಳು ಬೇಡವೆಂದು ತಲೆಯಾಡಿಸಿದ್ದು ಗಾಜಿನಾಚೆಯಿಂದ ನನಗೆ ಕಾಣಿಸಿತು.

ಕೈ ಇಟ್ಟಳು. ಒಮ್ಮೆಯೂ ಕೆಳಗೆ ನೋಡಲಿಲ್ಲ. ಅವಳಿಗೆ ಅದು ಪರಿಚಯದ ಮುಖ, ಮೂರು ವರ್ಷ ಅಕ್ಷರವಿಲ್ಲದ ಮನೆಗಳ ಮೇಲೇ ಓಡಾಡಿದವಳು. ಮೇಲ್ವಿಚಾರಕರು ಬದಲಿ ಕೀಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳ ಹಿಂದೆಯೇ ನಿಂತುಬಿಟ್ಟರು, ಹೋಗುವುದೇ ಮರೆತರು. ನನ್ನ ಪಕ್ಕ ನಿಂತಿದ್ದ ಯಾವುದೋ ಶಾಲೆಯ ಮಾಸ್ತರು, "ಯಾರ ಮನೆ ಹುಡುಗಿ ಇದು? ಹುಟ್ಟಿದಾಗಿಂದ ಕಂಪ್ಯೂಟರ್ ಇರ್ಬೇಕು ಮನೇಲಿ" ಎಂದರು. ಗಾಜಿನ ಮೇಲೆ ನನ್ನ ಉಸಿರು ಕಟ್ಟಿ ಏನೂ ಕಾಣದಾಯಿತು, ಸೆರಗಿನಿಂದ ಒರೆಸಿದೆ, ಆದರೂ ಮಂಜು ಹೋಗಲಿಲ್ಲ. ಮಂಜು ಗಾಜಿನ ಮೇಲಿರಲಿಲ್ಲ.

ಶುಕ್ರವಾರ ಪಟ್ಟಿ ಬಂತು. ಇಂಜಿನಿಯರ್ ಆರನೆಯವನು. ಅವಳು ಹತ್ತೊಂಬತ್ತನೆಯವಳು. ಇಪ್ಪತ್ತು ಸೀಟಿನಲ್ಲಿ ಹತ್ತೊಂಬತ್ತನೆಯದು, ಆದರೆ ಸಿಕ್ಕಿದೆ! ಬರವಣಿಗೆಯಲ್ಲಿ ಇಬ್ಬರೂ ಪರವಾಗಿಲ್ಲವಂತೆ, ಒತ್ತುವುದರಲ್ಲಿ ಅವಳೇ ಎಲ್ಲರಿಗಿಂತ ಮುಂದಂತೆ, ಮೌಸಿನಲ್ಲಿ ಎಲ್ಲರಿಗಿಂತ ಹಿಂದೆ. ಹೆಡ್‌ಮಾಸ್ಟರು ಕೈಯೆತ್ತಿ ಮುಗಿದು, "ಗೆದ್ರಿ ಟೀಚರಮ್ಮಾ" ಎಂದರು. ನಾನು ಗೆದ್ದಿಲ್ಲ. ಹದಿನೆಂಟು ಜನ ಅವಳ ಮುಂದೆ ಇರುವುದು ನನ್ನ ಪದ್ಧತಿಯ ಲೆಕ್ಕ, ಅವಳು ಒಳಗೆ ಹೋದದ್ದು ಅವಳದೇ ಕೆಲಸ. ಇಂಜಿನಿಯರ್ ಅವಳನ್ನು ನೋಡಿ, "ಏ ರೆಕಾರ್ಡು, ಅಲ್ಲೂ ನನ್ ಪಕ್ಕದಲ್ಲೇ ಕೂತ್ಕೊ" ಎಂದ. "ಕೂತ್ಕೊಳ್ತೀನಿ, ಬರಿಯೋದು ನೀನು" ಎಂದಳು. ಅವಳ ಅಮ್ಮ ಕೇಳಿಸಿಕೊಂಡು ನಕ್ಕ ನಗು ನಿನಗೆ ತೋರಿಸಬೇಕಿತ್ತು.

ನಿನ್ನ ಕೈ ಯಾವತ್ತೂ ದಣಿಯದಿರಲಿ, ಮುಟ್ಟಿದ ರೋಗಿ ಎದ್ದು ನಡೆಯಲಿ, ನೀನು ಕೂರುವ ಜಾಗ ನಿನಗೆ ಸಾಲುವಷ್ಟು ಅಗಲವಾಗಿರಲಿ. ಇದು ನನ್ನ ಆಶೀರ್ವಾದ.

ಎಂದಿನಂತೆ,
ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯುವ ಧೈರ್ಯ ಬರಲಿಲ್ಲ. ಫಲಿತಾಂಶದ ದಿನ ಮಧ್ಯಾಹ್ನ ಅಪ್ಪನ ಕೈಲಿ ಏಣಿ ಹಿಡಿಸಿ ಅಟ್ಟದ ಮೇಲಿನ ನಿನ್ನ ಶಾಲೆಯ ಪೆಟ್ಟಿಗೆ ಇಳಿಸಿದೆ. ನಿನ್ನ ಒಗಟಿಗೆ ಉತ್ತರ ನೀನು ಬರೆಯಲಿಲ್ಲವಲ್ಲ, ಹುಡುಕುವುದು ನನ್ನ ಕೆಲಸವಾಯಿತು. ನೀಲಿ ಹೊದಿಕೆಯ ನೋಟ್‌ಬುಕ್ ಸಿಕ್ಕಿತು. ಮನೆಗೆ ಮೊದಲ ಕಂಪ್ಯೂಟರ್ ಬಂದ ವರ್ಷದ್ದು, ನೀನು ಹತ್ತನೆಯಲ್ಲಿ, ತಮ್ಮ ಎಂಟನೆಯಲ್ಲಿ. ತಮ್ಮ ಮಾಡಿದ ಪ್ರತಿಯೊಂದನ್ನೂ ನೀನು ಬರೆದಿಟ್ಟಿದ್ದೀಯ. "ಅವನು ನಡೆಸಲಿ, ನಿನ್ನ ಅಕ್ಷರ ಚೆನ್ನಾಗಿದೆ, ನೀನು ಬರ್ಕೋ" ಎಂದು ನಾನೇ ಹೇಳಿದ್ದೆ, ನಮ್ಮ ಮುಂಭಾಗದ ಕೋಣೆಯಲ್ಲಿ ನಿಂತು. ಕೈ, ಓದು, ಬರಹದ ಪದ್ಧತಿ ನಾನು ಮೊದಲು ಮಾಡಿದ್ದು ಶಾಲೆಯಲ್ಲಲ್ಲ. ಕೊನೆಯ ಹಾಳೆ ತೆಗೆದೆ. ಕೀಬೋರ್ಡು, ಆಗಿನ ನಿನ್ನ ಗೇಣಿನ ಅಳತೆಯದು, ಮನೆಗಳೆಲ್ಲ ಬೂದು. ಅದರ ಮೇಲೆ ನನ್ನ ಬೆರಳಿಟ್ಟೆ. ನೀನು ನನ್ನ ಕುರ್ಚಿಯ ಹಿಂದೆ ಬಂದು ನಿಂತು, "ಅಮ್ಮಾ, ಒಂದ್ಸಲ ನಾನು?" ಎಂದದ್ದು ನೆನಪಾಯಿತು. ನಾನು ತಲೆ ತಿರುಗಿಸದೆ ಹೇಳಿದ್ದು, "ಇರು, ಅವನದು ಮುಗೀಲಿ." ಆಮೇಲೆ ನೀನು ಕೇಳಲಿಲ್ಲ. ನಾನು ಅದನ್ನೇ ಯಂತ್ರ ಕಂಡರೆ ಆಗದ ಮಗಳು ಎಂದು ಲೋಕಕ್ಕೆಲ್ಲ ಹೇಳಿ ನಕ್ಕೆ. ಅವನದು ಮುಗಿದು ಹದಿನೆಂಟು ವರ್ಷವಾಯಿತು, ಕಂದಾ. ನಿನ್ನನ್ನು ಕರೆಯುವುದನ್ನು ನಾನು ಮರೆತೇಬಿಟ್ಟೆ.